ಅಪ್ಪ ಅಮ್ಮನ ಅಮೆರಿಕ ಪೌರತ್ವ: ಅಲ್ಲಿನ ಸೇವಾ ಸಂಸ್ಥೆಯ ನೆರವು ಪಡೆದು ಇಂಗ್ಲಿಷ್ ಕಲಿತು ಇಂಟರ್‌ವ್ಯೂ ಮುಗಿಸುವುದು ಹೇಗೆ

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಪೌರತ್ವದ ಕೆಲಸ ಹೆಚ್ಚು ಗದ್ದಲವಿಲ್ಲದೆ ಆಗಿಹೋಗುತ್ತದೆ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಆಡಿದವರು ಅವರು. ಕಷ್ಟ ಶುರುವಾಗುವುದು ಅಪ್ಪ ಅಮ್ಮನ ಸರದಿ ಬಂದಾಗ. ಹಾಸನದಲ್ಲೋ ಶಿರಸಿಯಲ್ಲೋ ಕನ್ನಡ ಮೀಡಿಯಂನಲ್ಲಿ ಓದಿ, ಅರವತ್ತರ ಆಸುಪಾಸಿನಲ್ಲಿ ಗ್ರೀನ್ ಕಾರ್ಡ್ ಪಡೆದು ಬಂದವರು ಅವರು. ಮೊಮ್ಮಕ್ಕಳ ಇಂಗ್ಲಿಷ್ ಅರ್ಥವಾಗುತ್ತದೆ, ತಿರುಗಿ ಮಾತಾಡಲು ಬಾಯಿ ಬರುವುದಿಲ್ಲ. "ಈ ವಯಸ್ಸಿನಲ್ಲಿ ಪರೀಕ್ಷೆ ಯಾಕಪ್ಪಾ" ಎಂದು ಸುಮ್ಮನಾಗಿಬಿಡುತ್ತಾರೆ.

ಇಂಥವರಿಗಾಗಿಯೇ ಕೆಲಸ ಮಾಡುವ ಸೇವಾ ಸಂಸ್ಥೆಗಳು ಆ ದೇಶದ ಬಹುತೇಕ ದೊಡ್ಡ ಊರುಗಳಲ್ಲಿವೆ. ಇದು ಇಂದು ನಿನ್ನೆಯದಲ್ಲ. 1910ರಲ್ಲಿ ನ್ಯೂಯಾರ್ಕಿನಲ್ಲಿ ಎಡಿತ್ ಟೆರ್ರಿ ಬ್ರೆಮರ್ ಎಂಬ ಮಹಿಳೆ ವೈಡಬ್ಲ್ಯೂಸಿಎ ಎಂಬ ಹೆಂಗಸರ ಸಂಘದ ಆಶ್ರಯದಲ್ಲಿ ಮೊದಲ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ವಲಸೆ ಬಂದ ಹೆಂಗಸರಿಗೆ ಇಂಗ್ಲಿಷ್ ಕಲಿಸುವುದು, ಊರಿಗೆ ಹೊಂದಿಕೊಳ್ಳಲು ನೆರವಾಗುವುದು ಅದರ ಕೆಲಸ. ನಿಮ್ಮ ಭಾಷೆ, ನಿಮ್ಮ ರೀತಿ ನೀತಿ ಬಿಡಿ ಎಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಅದೇ ಹೆಸರಿನ ಸಂಸ್ಥೆಗಳು ಮಿನೆಸೋಟದಲ್ಲಿ, ಸೇಂಟ್ ಲೂಯಿಯಲ್ಲಿ ಇಂದಿಗೂ ಇವೆ.

ಇಂಥ ಇಂಗ್ಲಿಷ್ ಕ್ಲಾಸೊಂದರಲ್ಲಿ ಸ್ವಯಂಸೇವಕಿಯಾಗಿ ಹಿರಿಯರ ಜೊತೆ ಕೂತು ಕಂಡದ್ದನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಅರ್ಜಿ ಹಾಕಿದ ಮೇಲೆ ಆಫೀಸರ್ ಎದುರು ಇಂಟರ್‌ವ್ಯೂ ಇರುತ್ತದೆ, ಇಂಗ್ಲಿಷ್ ಪರೀಕ್ಷೆ, ಅಮೆರಿಕದ ಇತಿಹಾಸ ಮತ್ತು ಆಡಳಿತದ ಪ್ರಶ್ನೆಗಳು ಎಲ್ಲವೂ ಅಲ್ಲೇ. ನಮ್ಮ ಹಿರಿಯರು ಎಡವುವುದು ಇತಿಹಾಸದ ಪ್ರಶ್ನೆಗಳಲ್ಲಿ ಅಲ್ಲ. ಆಫೀಸರ್ ಎದುರು ಕೂತು ತಮ್ಮದೇ ಬದುಕಿನ ಬಗ್ಗೆ ನಾಲ್ಕು ಮಾತು ಆಡುವುದರಲ್ಲಿ. ತಯಾರಿಯ ಹೆಚ್ಚಿನ ಸಮಯ ಅಲ್ಲಿಗೇ ಹೋಗಬೇಕು.

ಮೊದಲು ಅವರ ಮನಸ್ಸು ತಿಳಿಯಿರಿ

ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವಿಲ್ಲ. ಅಮೆರಿಕದ ಪೌರತ್ವ ಪಡೆದ ದಿನವೇ ಭಾರತದ್ದು ಹೋಗುತ್ತದೆ. 1955ರ ಪೌರತ್ವ ಕಾಯ್ದೆ ಹೇಳುವುದು ಇದನ್ನೇ. ಆಮೇಲೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಿಕೊಂಡರೆ ವೀಸಾ ಇಲ್ಲದೆ ಓಡಾಡಬಹುದು, ಊರಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಆದರೆ ಮತ ಹಾಕುವಂತಿಲ್ಲ, ಹೊಸದಾಗಿ ಕೃಷಿ ಜಮೀನು ಅಥವಾ ತೋಟ ಕೊಳ್ಳುವಂತಿಲ್ಲ. ಊರಲ್ಲಿ ಜಮೀನಿನ ವ್ಯವಹಾರ ಬಾಕಿ ಇದ್ದರೆ ಅರ್ಜಿ ಹಾಕುವ ಮೊದಲೇ ಊರಿನ ವಕೀಲರನ್ನು ಕೇಳಿ.

ಇನ್ನೊಂದು ಮಗ್ಗುಲೂ ಇದೆ. ಗ್ರೀನ್ ಕಾರ್ಡ್ ಇಟ್ಟುಕೊಂಡು ಊರಲ್ಲಿ ತಿಂಗಳುಗಟ್ಟಲೆ ಇದ್ದರೆ ಕಾರ್ಡ್‌ಗೇ ಕುತ್ತು ಬರುತ್ತದೆ. ಪೌರತ್ವ ಪಡೆದವರಿಗೆ ಆ ಭಯವಿಲ್ಲ. ಧಾರವಾಡದ ಮನೆಯಲ್ಲಿ ಒಂದು ವರ್ಷ ಇದ್ದು ಬಂದರೂ ಯಾರೂ ಕೇಳುವುದಿಲ್ಲ. ಊರಿಗೆ ನೆಮ್ಮದಿಯಾಗಿ ಹೋಗಿಬರಲೆಂದೇ ಎಷ್ಟೋ ಹಿರಿಯರು ಈ ಪೌರತ್ವ ತೆಗೆದುಕೊಳ್ಳುತ್ತಾರೆ. ಎರಡನ್ನೂ ಅವರ ಮುಂದಿಡಿ, ತೀರ್ಮಾನ ಅವರದೇ ಆಗಲಿ. ಮಕ್ಕಳ ಒತ್ತಾಯಕ್ಕೆ ಕ್ಲಾಸಿಗೆ ಬಂದವರು ಬೇಗ ಬಿಡುತ್ತಾರೆ.

ದಿನಗಳ ಲೆಕ್ಕ ಹಾಕಿ

ಗ್ರೀನ್ ಕಾರ್ಡ್ ಸಿಕ್ಕಿ 5 ವರ್ಷ ಆಗಿರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಅವರ ಜೊತೆಗೇ ಬಾಳುತ್ತಿದ್ದರೆ 3 ವರ್ಷ ಸಾಕು. ಅವಧಿ ಮುಗಿಯಲು 90 ದಿನ ಇರುವಾಗಲೇ ಅರ್ಜಿ ಕಳಿಸಬಹುದು.

ವರ್ಷ ತುಂಬಿದರೆ ಸಾಲದು. ಆ 5 ವರ್ಷದಲ್ಲಿ ಕನಿಷ್ಠ 30 ತಿಂಗಳು, ಅಂದರೆ 913 ದಿನ, ಅಮೆರಿಕದ ನೆಲದಲ್ಲೇ ಇದ್ದಿರಬೇಕು. ಒಂದೇ ಸಲಕ್ಕೆ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ಮುರಿದಿದೆ ಎಂದೇ ಅವರು ಲೆಕ್ಕ ಹಿಡಿಯುತ್ತಾರೆ. ಹಾಗಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಒಂದು ವರ್ಷ ಅಥವಾ ಹೆಚ್ಚು ಹೊರಗಿದ್ದರೆ ಲೆಕ್ಕ ಮತ್ತೆ ಶುರು, ಹಿಂದಿರುಗಿದ ಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಇಲ್ಲಿ ಬಹಳ ಮನೆಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಹೆಚ್ಚು ದಿನ ಹೊರಗಿದ್ದು ಹಿಂದಿರುಗಲು ಕೊಡುವ ರೀ-ಎಂಟ್ರಿ ಪರ್ಮಿಟ್ ಮಾಡಿಸಿದ್ದೇವಲ್ಲ, ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ. ಅದು ಗ್ರೀನ್ ಕಾರ್ಡನ್ನು ಕಾಪಾಡುತ್ತದೆ ಅಷ್ಟೇ. ಪೌರತ್ವಕ್ಕೆ ಬೇಕಾದ ವಾಸದ ಲೆಕ್ಕವನ್ನು ಕಾಪಾಡುವುದಿಲ್ಲ.

ಹಾಗಾಗಿ ಹಳೆಯ ಪಾಸ್‌ಪೋರ್ಟ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಬೆಂಗಳೂರು ಏರ್‌ಪೋರ್ಟ್‌ನ ಮುದ್ರೆ ನೋಡಿಕೊಂಡು ಹೋದ ದಿನ, ಬಂದ ದಿನ ಒಂದು ಹಾಳೆಯಲ್ಲಿ ಬರೆಯಿರಿ. ಫಾರ್ಮ್ ತುಂಬುವಾಗಲೂ ಇಂಟರ್‌ವ್ಯೂನಲ್ಲೂ ಬೇಕಾಗುವ ಹಾಳೆ ಅದು.

ವಯಸ್ಸಿನ ರಿಯಾಯಿತಿ ಯಾರಿಗೆ?

"ಎಪ್ಪತ್ತು ದಾಟಿದೆ, ಇಂಗ್ಲಿಷ್ ಪರೀಕ್ಷೆ ಇರಲ್ಲ ಅಲ್ವಾ?" ಎಂದು ಪದೇ ಪದೇ ಕೇಳುತ್ತಾರೆ. ಬರೀ ವಯಸ್ಸಿಗೆ ರಿಯಾಯಿತಿ ಇಲ್ಲ. ವಯಸ್ಸಿನ ಜೊತೆ ಗ್ರೀನ್ ಕಾರ್ಡಿನ ವರ್ಷಗಳೂ ಸೇರಬೇಕು. ಅರ್ಜಿ ಹಾಕುವ ದಿನ 50 ವರ್ಷ ದಾಟಿ, ಗ್ರೀನ್ ಕಾರ್ಡ್ ಪಡೆದು 20 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. 55 ದಾಟಿ 15 ವರ್ಷ ಆಗಿದ್ದರೂ ಇಲ್ಲ. ಇವರು ದೇಶದ ಬಗೆಗಿನ ಪ್ರಶ್ನೆಗಳಿಗೆ ದುಭಾಷಿಯನ್ನು ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರಿಸಬಹುದು. 65 ದಾಟಿ 20 ವರ್ಷ ಆದವರಿಗೆ ಪ್ರಶ್ನೆಗಳೂ ಕಡಿಮೆ: ಪ್ರಶ್ನೆಗಳ ಪಟ್ಟಿಯಲ್ಲಿ ಗುರುತು ಹಾಕಿದ 20 ಪ್ರಶ್ನೆಗಳನ್ನಷ್ಟೇ ಓದಿಕೊಂಡರೆ ಸಾಕು, ಅದರಲ್ಲಿ 10 ಕೇಳುತ್ತಾರೆ, 6 ಸರಿಯಾದರೆ ಪಾಸು.

ಅರವತ್ತೈದಕ್ಕೆ ಬಂದು ಎಪ್ಪತ್ತಕ್ಕೆ ಅರ್ಜಿ ಹಾಕುವವರು ಇದ್ಯಾವುದಕ್ಕೂ ಬರುವುದಿಲ್ಲ. ಮರೆವಿನ ಕಾಯಿಲೆಯಂಥ ವೈದ್ಯಕೀಯ ಕಾರಣದಿಂದ ಕಲಿಯಲು ನಿಜಕ್ಕೂ ಆಗದವರಿಗೆ ಎನ್-648 ಎಂಬ ಫಾರ್ಮ್ ಇದೆ, ಅದನ್ನು ಡಾಕ್ಟರು ತುಂಬಬೇಕು. ವಯಸ್ಸಾಗಿದೆ, ಶಾಲೆಗೆ ಹೋಗಿಲ್ಲ ಎನ್ನುವುದು ಅದಕ್ಕೆ ಕಾರಣವಾಗುವುದಿಲ್ಲ.

ಸರಿಯಾದ ಸಂಸ್ಥೆ ಹುಡುಕುವುದು

ಇಂಗ್ಲಿಷ್ ಕಲಿಸುವುದು ಒಂದು ಕೆಲಸ, ಕಾನೂನಿನ ಸಲಹೆ ಕೊಡುವುದು ಇನ್ನೊಂದು. ಕೆಲವು ಸಂಸ್ಥೆಗಳು ಎರಡನ್ನೂ ಮಾಡುತ್ತವೆ, ಕೆಲವು ಒಂದನ್ನೇ.

ಕ್ಲಾಸಿಗೆ ಮೊದಲು ಹತ್ತಿರದ ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿ. ನ್ಯೂಯಾರ್ಕಿನ ಕ್ವೀನ್ಸ್ ಪಬ್ಲಿಕ್ ಲೈಬ್ರರಿಯಂಥ ಕಡೆ ದೊಡ್ಡವರಿಗೆ ಉಚಿತ ಇಂಗ್ಲಿಷ್ ಕ್ಲಾಸು ನಡೆಯುತ್ತವೆ. ಅಡಲ್ಟ್ ಸ್ಕೂಲ್, ಕಮ್ಯುನಿಟಿ ಕಾಲೇಜು, ಚರ್ಚುಗಳಲ್ಲೂ ಇರುತ್ತವೆ. ಚರ್ಚು ಅಂದರೆ ಹಿಂಜರಿಯಬೇಡಿ. ಕ್ಯಾಥಲಿಕ್ ಚಾರಿಟೀಸ್‌ನಂಥ ಸಂಸ್ಥೆಗಳು ಧರ್ಮ ನೋಡದೆ ಎಲ್ಲರಿಗೂ ನೆರವಾಗುತ್ತವೆ.

ಕಾನೂನಿನ ಸಲಹೆಗೆ ಹೋಗುವಾಗ ಮಾತ್ರ ಎಚ್ಚರ ಬೇಕು. ಅಮೆರಿಕದ ನ್ಯಾಯ ಇಲಾಖೆ (ಡಿಓಜೆ) ಕೆಲವು ಸೇವಾ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ. ಅಲ್ಲಿನ ಮಾನ್ಯತೆ ಪಡೆದ ಪ್ರತಿನಿಧಿ ವಕೀಲರಲ್ಲದಿದ್ದರೂ ವಲಸೆ ಅರ್ಜಿಗೆ ಸಲಹೆ ಕೊಡಬಹುದು, ನಿಮ್ಮ ಪರವಾಗಿ ನಿಲ್ಲಬಹುದು. ಈ ಸಂಸ್ಥೆಗಳ ಪಟ್ಟಿ ರಾಜ್ಯವಾರಾಗಿ ಇಲಾಖೆಯ ಜಾಲತಾಣದಲ್ಲಿದೆ. "ನಿಮ್ಮಲ್ಲಿ ಡಿಓಜೆ ಮಾನ್ಯತೆ ಇರುವ ಪ್ರತಿನಿಧಿ ಅಥವಾ ವಕೀಲರು ಇದ್ದಾರಾ?" ಎಂದು ಫೋನಿನಲ್ಲೇ ಕೇಳಿ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ನಮ್ಮ ಹಿರಿಯರು ಮೋಸಹೋಗುವ ಜಾಗ ಒಂದಿದೆ. ನಮ್ಮೂರಲ್ಲಿ ನೋಟರಿ ಅಂದರೆ ವಕೀಲರು. ಅಮೆರಿಕದ ನೋಟರಿ ಪಬ್ಲಿಕ್ ಹಾಗಲ್ಲ, ಸಹಿಗೆ ಸಾಕ್ಷಿ ಹಾಕುವುದಷ್ಟೇ ಅವರ ಕೆಲಸ. ಅಂಗಡಿ ಮುಂದೆ ನೋಟರಿ ಬೋರ್ಡು ಹಾಕಿಕೊಂಡು "ಸಿಟಿಜನ್‌ಶಿಪ್ ಮಾಡಿಸಿಕೊಡ್ತೀವಿ" ಎನ್ನುವವರಿಗೆ ಕಾಗದ ಕೊಡಬೇಡಿ, ದುಡ್ಡೂ ಕೊಡಬೇಡಿ.

2009ರಿಂದ ಇಂಥ ಸಂಸ್ಥೆಗಳಿಗೆ ಪೌರತ್ವ ತರಬೇತಿಗೆಂದೇ ಅಮೆರಿಕದ ಕೇಂದ್ರ ಸರ್ಕಾರದ ಅನುದಾನ ಸಿಗುತ್ತಿತ್ತು. 2025ರಲ್ಲಿ ಅದು ನಿಂತಿತು. ಇದರಿಂದ ಕ್ಲಾಸು ಕಡಿಮೆಯಾದ, ಕಾಯುವ ಪಟ್ಟಿ ಬೆಳೆದ ಊರುಗಳಿರುತ್ತವೆ. ಅರ್ಜಿ ಹಾಕುವ ಒಂದು ವರ್ಷ ಮೊದಲೇ ಹೆಸರು ಬರೆಸಿ. ಕೈಲಾದರೆ ಆ ಸಂಸ್ಥೆಗೆ ದೇಣಿಗೆಯನ್ನೂ ಕೊಡಿ, ಶನಿವಾರ ಎರಡು ಗಂಟೆ ಕೆಲಸಕ್ಕೂ ಹೋಗಿ. ಫಾರ್ಮ್ ತುಂಬುವ ಶಿಬಿರಗಳಲ್ಲಿ ಕೈ ಯಾವಾಗಲೂ ಕಡಿಮೆ.

ಇಂಗ್ಲಿಷ್: ಮನೆಯಲ್ಲಿ ಅಲ್ಲ, ಕ್ಲಾಸಿನಲ್ಲಿ

ಮಗಳು ಕಲಿಸಿದರೆ ಅಮ್ಮ ಕಲಿಯುವುದಿಲ್ಲ. ಎರಡನೇ ದಿನಕ್ಕೆ ಇಬ್ಬರಿಗೂ ಸಿಟ್ಟು ಬರುತ್ತದೆ. ಕ್ಲಾಸಿನಲ್ಲಿ ಪಕ್ಕದಲ್ಲಿ ಚೀನಾದ ಅಜ್ಜ, ಮೆಕ್ಸಿಕೊದ ಅಕ್ಕ, ಇಥಿಯೋಪಿಯಾದ ಅಮ್ಮ ಕೂತಿರುತ್ತಾರೆ. ಯಾರಿಗೂ ಕನ್ನಡ ಬರುವುದಿಲ್ಲ, ಹಾಗಾಗಿ ಮಾತಾಡಲೇಬೇಕು. ಎಲ್ಲರ ಇಂಗ್ಲಿಷೂ ಮುರುಕು, ಹಾಗಾಗಿ ನಾಚಿಕೆ ಇಲ್ಲ. ಮನೆಯಲ್ಲಿ ಒಂಟಿಯಾಗಿ ಟಿವಿ ಮುಂದೆ ಕೂರುವ ಅಮ್ಮನಿಗೆ ಅಲ್ಲಿ ಗೆಳತಿಯರೂ ಸಿಗುತ್ತಾರೆ. ಪೌರತ್ವ ಬೇಡವೆಂದರೂ ಇದೊಂದಕ್ಕಾಗಿಯೇ ನಾನು ಕ್ಲಾಸಿಗೆ ಕಳಿಸಿ ಎನ್ನುತ್ತೇನೆ. ಕಾರಿನಲ್ಲಿ ಕರೆದೊಯ್ದು ಬಿಡುವ ಕೆಲಸ ನಿಮ್ಮದು, ಅದನ್ನು ತಪ್ಪಿಸಬೇಡಿ.

ಸೇರುವಾಗ ಚಿಕ್ಕ ಪರೀಕ್ಷೆ ಮಾಡಿ ಮಟ್ಟ ನೋಡುತ್ತಾರೆ. ಕೆಳಗಿನ ಮಟ್ಟಕ್ಕೆ ಹಾಕಿದರೆ ಬೇಸರ ಬೇಡ. ಪೌರತ್ವದ ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಸರಳವಾದದ್ದೇ. ವ್ಯಾಕರಣ ತಪ್ಪಬಹುದು, ಉಚ್ಚಾರ ನಮ್ಮದೇ ಇರಬಹುದು. ಅರ್ಥವಾಗಬೇಕು, ಅರ್ಥ ಮಾಡಿಸಬೇಕು, ಅಷ್ಟೇ.

ಎನ್-400 ಫಾರ್ಮೇ ಪಠ್ಯಪುಸ್ತಕ

ಅರ್ಜಿಯ ಹೆಸರು ಎನ್-400. ಮಾತಿನ ಪರೀಕ್ಷೆ ಬೇರೆಯಾಗಿ ಇರುವುದಿಲ್ಲ. ಆಫೀಸರ್ ಈ ಫಾರ್ಮಿನ ಪ್ರಶ್ನೆಗಳನ್ನೇ ಕೇಳುತ್ತಾ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ನೋಡುತ್ತಾರೆ. ಮಕ್ಕಳು ರಾತ್ರೋರಾತ್ರಿ ಆನ್‌ಲೈನಿನಲ್ಲಿ ಫಾರ್ಮ್ ತುಂಬಿ ಕಳಿಸಿಬಿಟ್ಟರೆ, ಅದರಲ್ಲಿ ಏನಿದೆ ಎಂದೇ ಅಪ್ಪನಿಗೆ ಗೊತ್ತಿರುವುದಿಲ್ಲ. ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ವಿವರಿಸಿ, ಅವರೇ ಉತ್ತರ ಹೇಳಿ, ಅವರ ಎದುರೇ ತುಂಬಬೇಕು.

ನಮ್ಮವರಿಗೆ ತೊಡಕಾಗುವ ಜಾಗಗಳನ್ನು ಹೇಳುತ್ತೇನೆ. ಒಂದು, ಹೆಸರು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್‌ನಲ್ಲಿ ಅಡಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಅಮೆರಿಕದ ಕಾಗದಗಳಲ್ಲಿ ಇದ್ದ ಒಂದೇ ಹೆಸರು ಕೊನೆಯ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂತಿರುತ್ತದೆ. ಇದನ್ನು ಸರಿಪಡಿಸಲು ಪೌರತ್ವ ಒಳ್ಳೆಯ ಅವಕಾಶ. ಹೆಸರು ಬದಲಿಸಬೇಕು ಎಂದು ಎನ್-400ನಲ್ಲೇ ಕೇಳಬಹುದು. ಆಗ ಪ್ರಮಾಣವಚನ ಕೋರ್ಟಿನ ಸಮಾರಂಭದಲ್ಲಿ ನಡೆಯಬೇಕಾಗುತ್ತದೆ, ಕೆಲವೆಡೆ ಅದಕ್ಕೆ ಸ್ವಲ್ಪ ಜಾಸ್ತಿ ಕಾಯಬೇಕು. ಹುಟ್ಟಿದ ದಿನದ್ದೂ ಇಂಥದೇ ಕಥೆ. ಮನೆಯಲ್ಲಿ ಆಚರಿಸುವ ದಿನ ಒಂದು, ಶಾಲೆಗೆ ಸೇರಿಸುವಾಗ ಬರೆಸಿದ್ದು ಇನ್ನೊಂದು. ಆಫೀಸರ್ ಕೇಳಿದಾಗ ಹೇಳಬೇಕಾದ್ದು ಗ್ರೀನ್ ಕಾರ್ಡಿನಲ್ಲಿರುವ ದಿನ. ಅದು ಬಾಯಿಗೆ ಬರುವಂತೆ ಮಾಡಿಸಿ.

ಎರಡು, ತೆರಿಗೆ. ಗ್ರೀನ್ ಕಾರ್ಡ್ ಇರುವವರು ಊರಿನ ಪಿಂಚಣಿ, ಎಫ್‌ಡಿ ಬಡ್ಡಿಯನ್ನೂ ಅಮೆರಿಕದ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ನಾನ್‌ರೆಸಿಡೆಂಟ್ (ಅಮೆರಿಕದ ವಾಸಿ ಅಲ್ಲ) ಎಂದು ತೆರಿಗೆ ಪತ್ರ ಸಲ್ಲಿಸಿದ್ದೀರಾ ಎಂದು ಫಾರ್ಮ್ ಕೇಳುತ್ತದೆ. ಹಾಗೆ ಮಾಡಿದ್ದರೆ ಅರ್ಜಿಗೆ ಮೊದಲೇ ಸಲಹೆ ಪಡೆಯಿರಿ.

ಮೂರು, ಮತದಾನ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಗೊತ್ತಿಲ್ಲದೆ ಮತದಾರರ ಪಟ್ಟಿಗೆ ಸಹಿ ಹಾಕಿದ್ದರೆ, ಅಥವಾ ಎಂದಾದರೂ ಪೊಲೀಸರು ಹಿಡಿದಿದ್ದರೆ, ಅರ್ಜಿ ಕಳಿಸಲೇಬೇಡಿ. ಮೊದಲು ವಕೀಲರನ್ನೋ ಮಾನ್ಯತೆ ಪಡೆದ ಪ್ರತಿನಿಧಿಯನ್ನೋ ನೋಡಿ. ಇವು ಗ್ರೀನ್ ಕಾರ್ಡನ್ನೇ ಕಳೆಯಬಲ್ಲ ವಿಷಯಗಳು.

2024ರ ಏಪ್ರಿಲ್‌ನಿಂದ ಅರ್ಜಿ ಶುಲ್ಕ ಆನ್‌ಲೈನಿನಲ್ಲಿ 710 ಡಾಲರ್, ಕಾಗದದಲ್ಲಿ 760. ಕಡಿಮೆ ಆದಾಯದವರಿಗೆ 380 ಡಾಲರಿನ ರಿಯಾಯಿತಿ ದರ ಇದೆ, ಪೂರ್ತಿ ಮನ್ನಾ ಆಗುವುದೂ ಉಂಟು. ಇವೆರಡಕ್ಕೂ ಕಾಗದದ ಅರ್ಜಿಯನ್ನೇ ಹಾಕಬೇಕು. ಯಾರ ಯಾರ ಆದಾಯ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಸಂಸ್ಥೆಯವರೇ ನೋಡಿ ಹೇಳುತ್ತಾರೆ.

'ಹೌದು' ಎನ್ನುವ ಅಭ್ಯಾಸ ಬಿಡಿಸಿ

ಇದೊಂದನ್ನು ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಮಾಡಿಸಿ. ದೊಡ್ಡ ಅಧಿಕಾರಿ ಏನಾದರೂ ಕೇಳಿದರೆ ನಮ್ಮ ಹಿರಿಯರು ಗೌರವಕ್ಕೆ ತಲೆಯಾಡಿಸಿ "ಯೆಸ್ ಸಾರ್, ಯೆಸ್ ಸಾರ್" ಎನ್ನುತ್ತಾರೆ. "ನಿಮ್ಮನ್ನು ಎಂದಾದರೂ ಅರೆಸ್ಟ್ ಮಾಡಿದ್ದಾರಾ?" ಎಂಬ ಪ್ರಶ್ನೆಗೂ ಅದೇ ಉತ್ತರ ಬಂದುಬಿಡುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಕನ್ನಡದಲ್ಲಿ "ನೀವು ಯಾವತ್ತೂ ಜೈಲಿಗೆ ಹೋಗಿಲ್ವಲ್ಲ?" ಎಂದರೆ "ಹೌದು, ಹೋಗಿಲ್ಲ" ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ "ನೋ" ಎನ್ನಬೇಕು. ಆಫೀಸರ್ "ಸೋ ಯು ಹ್ಯಾವ್ ನೆವರ್ ಬೀನ್ ಅರೆಸ್ಟೆಡ್?" ಎಂದಾಗ ಅಪ್ಪ "ಯೆಸ್" ಎಂದರೆ ಗೊಂದಲ ಶುರು. "ನೋ, ನೆವರ್" ಎಂಬ ಎರಡು ಪದ ಕಲಿಸಿ. ತಲೆ ಅಲ್ಲಾಡಿಸದೆ ಬಾಯಲ್ಲೇ ಹೇಳುವ ಅಭ್ಯಾಸ ಮಾಡಿಸಿ.

"ಹ್ಯಾವ್ ಯು ಎವರ್" ಎಂದು ಶುರುವಾಗುವ ಪ್ರಶ್ನೆಗಳಿಗೆ ಹೆಚ್ಚಿನವರ ಉತ್ತರ "ನೋ", "ಆರ್ ಯು ವಿಲಿಂಗ್" ಎಂದು ಶುರುವಾಗುವುದಕ್ಕೆ "ಯೆಸ್". ಅದನ್ನೇ ಗಿಣಿಪಾಠ ಮಾಡಿಸಬೇಡಿ. ನಿಜ ಏನೋ ಅದನ್ನೇ ಹೇಳಬೇಕು. ಜೊತೆಗೆ ಪದದ ಅರ್ಥವನ್ನೂ ಕೇಳಬಹುದು. "ಓತ್" ಅಂದರೆ "ಎ ಪ್ರಾಮಿಸ್" ಎನ್ನುವಂಥ ಒಂದೆರಡು ಪದದ ವಿವರಣೆ ಸಾಕು. ದೇಶಕ್ಕಾಗಿ ಆಯುಧ ಹಿಡಿಯಲು ಸಿದ್ಧವೇ ಎಂಬ ಪ್ರಶ್ನೆ ಕೆಲವರಿಗೆ ಗಾಬರಿ ತರುತ್ತದೆ. ಎಪ್ಪತ್ತರ ಅಜ್ಜಿಯನ್ನು ಯಾರೂ ಗಡಿಗೆ ಕಳಿಸುವುದಿಲ್ಲ ಎಂದು ಸಮಾಧಾನ ಹೇಳಿ. ಅಹಿಂಸೆ ಅವರ ಧರ್ಮದ ನಂಬಿಕೆಯೇ ಆಗಿದ್ದರೆ ಆ ಮಾತು ಬಿಟ್ಟು ಪ್ರಮಾಣ ಮಾಡಲು ಕಾನೂನಿನಲ್ಲಿ ದಾರಿ ಇದೆ. ಅದಕ್ಕೆ ಸಂಸ್ಥೆಯವರ ನೆರವು ಪಡೆಯಿರಿ.

ಅರ್ಥವಾಗದಿದ್ದರೆ "ಪ್ಲೀಸ್ ರಿಪೀಟ್" ಎನ್ನಬಹುದು, ಅದಕ್ಕೇನೂ ಅಂಕ ಹೋಗುವುದಿಲ್ಲ. ಸಂಸ್ಥೆಗಳಲ್ಲಿ ಅಭ್ಯಾಸಕ್ಕೆಂದು ನಡೆಸುವ ಮಾಕ್ ಇಂಟರ್‌ವ್ಯೂಗೆ ಎರಡು ಮೂರು ಸಲವಾದರೂ ಕೂರಿಸಿ, ಪ್ರತಿ ಸಲ ಬೇರೆ ಬೇರೆಯವರ ಜೊತೆ. ಅಮೆರಿಕದಲ್ಲೇ ಹುಟ್ಟಿ ಬೆಳೆದವರ ಉಚ್ಚಾರ ಕಿವಿಗೆ ಬೀಳಬೇಕು. ಕನ್ನಡ ಕೂಟದ ಹೈಸ್ಕೂಲ್ ಮಕ್ಕಳು ಈ ಕೆಲಸಕ್ಕೆ ತುಂಬಾ ಚೆನ್ನಾಗಿ ಒದಗುತ್ತಾರೆ. ಆಫೀಸರ್ ಥರ ಪ್ರಶ್ನೆ ಕೇಳಿ ಎಂದರೆ ಖುಷಿಯಿಂದ ಬರುತ್ತಾರೆ.

128 ಪ್ರಶ್ನೆಗಳು, ಮತ್ತೆ ಓದು ಬರಹ

2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಿರಬೇಕು. 12 ಸರಿಯಾದ ಕೂಡಲೇ, ಅಥವಾ 9 ತಪ್ಪಾದ ಕೂಡಲೇ ನಿಲ್ಲಿಸುತ್ತಾರೆ. ಹಳೆಯ 100 ಪ್ರಶ್ನೆಗಳ ಪುಸ್ತಕ ಯಾರಾದರೂ ಕೊಟ್ಟರೆ ಅದನ್ನು ನೆಚ್ಚಿಕೊಳ್ಳಬೇಡಿ. ಯುಎಸ್‌ಸಿಐಎಸ್ ಎಂಬ ಅಮೆರಿಕದ ಪೌರತ್ವ ಮತ್ತು ವಲಸೆ ಇಲಾಖೆಯ ಜಾಲತಾಣದಲ್ಲಿ ಹೊಸ ಪಟ್ಟಿ ಉತ್ತರ ಸಮೇತ ಉಚಿತವಾಗಿ ಸಿಗುತ್ತದೆ.

ದಿನಪತ್ರಿಕೆ ಓದಿ ರಾಜಕೀಯ ಚರ್ಚೆ ಮಾಡಿದ ನಮ್ಮ ಹಿರಿಯರಿಗೆ ಇದು ಅಷ್ಟು ಕಷ್ಟವಲ್ಲ. ಗೊತ್ತಿರುವುದಕ್ಕೆ ಗಂಟು ಹಾಕಿ ಹೇಳಿ. ಲೋಕಸಭೆಯ ಹಾಗೆ ಇವರ ಹೌಸ್, 435 ಜನ, ಎರಡು ವರ್ಷ. ರಾಜ್ಯಸಭೆಯ ಹಾಗೆ ಸೆನೆಟ್, 100 ಜನ. ಅಲ್ಲಿಯೂ ಆರು ವರ್ಷ, ಇಲ್ಲಿಯೂ ಆರು ವರ್ಷ. ಆದರೆ ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುತ್ತಾರೆ. ಸಂವಿಧಾನ ಶುರುವಾಗುವುದು "ವಿ ದ ಪೀಪಲ್" ಎಂದು, ನಮ್ಮದರ ಇಂಗ್ಲಿಷ್ ಪಠ್ಯವೂ ಹಾಗೆಯೇ. ದಿನಕ್ಕೆ ಐದು ಪ್ರಶ್ನೆ ಮಾಡಿದರೂ ತಿಂಗಳೊಳಗೆ ಪಟ್ಟಿ ಮುಗಿಯುತ್ತದೆ. ಅಧ್ಯಕ್ಷರು, ಸೆನೆಟರು ಯಾರು ಎಂಬಂಥ ಉತ್ತರಗಳು ಬದಲಾಗುತ್ತವೆ. ಇಂಟರ್‌ವ್ಯೂಗೆ ಮೊದಲ ವಾರ ಇನ್ನೊಮ್ಮೆ ನೋಡಿ.

ಓದಲು ಮೂರು ವಾಕ್ಯದವರೆಗೆ ಕೊಡುತ್ತಾರೆ, ಒಂದನ್ನು ಸರಿಯಾಗಿ ಓದಿದರೆ ಸಾಕು. ಬರೆಯುವುದಕ್ಕೂ ಹಾಗೆಯೇ. ಬರುವ ಪದಗಳ ಪಟ್ಟಿಯನ್ನೂ ಮೊದಲೇ ಕೊಟ್ಟಿರುತ್ತಾರೆ. ಪ್ರಶ್ನೆಗಳ ಉತ್ತರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತರೆ ತಪ್ಪಿಲ್ಲ. ಓದುವ ಬರೆಯುವ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ, ಕೈಯಲ್ಲಿ ಬರೆಸಿ. ಫೆಬ್ರವರಿ, ವಾಷಿಂಗ್ಟನ್ ಥರದ ಪದಗಳಿಗೆ ಹೆಚ್ಚು ದಿನ ಕೊಡಿ.

ಯಾವುದಾದರೂ ಭಾಗ ತಪ್ಪಿದರೆ 60ರಿಂದ 90 ದಿನದೊಳಗೆ ಆ ಭಾಗಕ್ಕೆ ಮಾತ್ರ ಮತ್ತೊಂದು ಅವಕಾಶ ಇದೆ. ಇದನ್ನು ಮೊದಲೇ ಹೇಳಿಡಿ, ಅವರ ಎದೆ ಹಗುರಾಗುತ್ತದೆ.

ಇಂಟರ್‌ವ್ಯೂ ದಿನ, ಆಮೇಲೆ

ಗ್ರೀನ್ ಕಾರ್ಡ್, ಹೊಸ ಹಳೆ ಪಾಸ್‌ಪೋರ್ಟ್‌ಗಳು, ಇಂಟರ್‌ವ್ಯೂ ಪತ್ರ, ತೆರಿಗೆ ಕಾಗದ, ಪ್ರಯಾಣದ ಹಾಳೆ ಇಷ್ಟೂ ಒಂದೇ ಚೀಲದಲ್ಲಿರಲಿ. ಕಿವಿಯ ಮೆಷಿನ್‌ಗೆ ಹೊಸ ಬ್ಯಾಟರಿ ಹಾಕಿ. ಕನ್ನಡಕ ಮರೆಯಬೇಡಿ. ಪರೀಕ್ಷೆ ಕುರ್ಚಿಯಲ್ಲಿ ಕೂತ ಮೇಲೆ ಶುರುವಾಗುತ್ತದೆ ಅಂದುಕೊಳ್ಳಬೇಡಿ. ಕಾಯುವ ಕೋಣೆಯಿಂದ ಕರೆದೊಯ್ಯುವಾಗ "ಹೌ ಆರ್ ಯು ಟುಡೇ?" ಎಂದು ಕೇಳಿದಾಗಲೇ ಮಾತು ಶುರುವಾಗಿರುತ್ತದೆ.

ಪಾಸಾದರೂ ಪ್ರಮಾಣವಚನ ಆಗುವವರೆಗೆ ಪೌರತ್ವ ಬಂದಿಲ್ಲ. ಆ ಸಮಾರಂಭದಲ್ಲಿ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಂಡು ಪ್ರಮಾಣಪತ್ರ ಕೊಡುತ್ತಾರೆ. ಹೆಸರು, ಹುಟ್ಟಿದ ದಿನ ಸರಿಯಿದೆಯೇ ಎಂದು ಅಲ್ಲೇ ನೋಡಿ. ಲ್ಯಾಮಿನೇಷನ್ ಮಾಡಿಸಬೇಡಿ.

ಆ ಕ್ಷಣದಿಂದ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವಂತಿಲ್ಲ. ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಭಾರತದ ದೂತಾವಾಸದ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್ಎಸ್ ಕಂಪನಿಯ ಮೂಲಕ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಪತ್ರ, ಅದರ ಜೊತೆ ಓಸಿಐ ಅರ್ಜಿ. ಇದಕ್ಕೆಲ್ಲ ತಿಂಗಳುಗಳು ಹಿಡಿಯಬಹುದು. ಪ್ರಮಾಣವಚನದ ಹತ್ತಿರ ಊರಲ್ಲಿ ಮದುವೆ, ಗೃಹಪ್ರವೇಶಕ್ಕೆ ಟಿಕೆಟ್ ಮಾಡಿಸಬೇಡಿ. ಓಸಿಐ ಬರುವ ಮೊದಲು ತುರ್ತಾಗಿ ಹೋಗಲೇಬೇಕಾದರೆ ಅಮೆರಿಕದ ಪಾಸ್‌ಪೋರ್ಟ್ ಮೇಲೆ ಇ-ವೀಸಾಗೆ ಅರ್ಜಿ ಹಾಕಬಹುದು. ಸೋಷಿಯಲ್ ಸೆಕ್ಯುರಿಟಿ ಕಚೇರಿಯ ದಾಖಲೆಯಲ್ಲೂ ಪೌರತ್ವ ಬದಲಾಗಿದೆಯೇ ನೋಡಿ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸ ಪ್ರಮಾಣವಚನ ಮುಗಿದ ಮೇಲೆ ಆಗಲಿ, ಒಂದು ದಿನವೂ ಮೊದಲು ಬೇಡ.